ಎಡೆದೊರೆ ನಾಡಿನಲ್ಲಿ ಕೋವಿಯೂ ರಾಜಾಜ್ಞೆಯೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಮಿಯನ್ನು ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವುದು ಎಂಬುದೇ ಈ ಹೆಸರಿನ ಅರ್ಥವು. ಪಾರಸೀಕ ಭಾಷೆಯಲ್ಲಿ ಆಡಳಿತ ನಡೆಸಿದ ಸುಲ್ತಾನರು ಇದನ್ನೇ ದೋಆಬ್ ಎಂದರು. ಎರಡು ನೀರುಗಳ ನಾಡೆಂದು ಅದರ ತಾತ್ಪರ್ಯ. ಸಂಸ್ಕೃತದ ದ್ವೀಪಶಬ್ದವೂ ವ್ಯುತ್ಪತ್ತಿಯಲ್ಲಿ ಇದಕ್ಕೆ ಒಡಹುಟ್ಟಿದುದೇ ಆಗಿದೆ. ಎರಡು ಕಡೆಗಳಲ್ಲಿ ಅಪ್ಪು, ಎಂದರೆ ನೀರು, ಉಳ್ಳುದು ದ್ವೀಪವೆಂದು ವೈಯಾಕರಣರು ಬಿಡಿಸುವರು. ಈ ಲೆಕ್ಕದಲ್ಲಿ ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ಊರುಗಳೂ ಒಂದು ದೊಡ್ಡ ದ್ವೀಪದ ಒಳಗಿನವೆಂದು ಹೇಳಬಹುದು. ಆದರೆ ಕಡಲಿನ ನಡುವಣ ಸಣ್ಣ ದ್ವೀಪದಲ್ಲಿ ಯಾರ ಮನೆಯಲ್ಲಿ ಎಷ್ಟು ಕೋವಿಗಳಿವೆಯೆಂದು ದೊರೆತನವು ಎಣಿಸುವುದು ಸುಲಭ. ಎಡೆದೊರೆಯ ದ್ವೀಪವು ಅಂತಹದಲ್ಲ. ಬೇಸಿಗೆಯಲ್ಲಿ ಎರಡು ಹೊಳೆಗಳೂ ಕಾಲ್ದಾರಿಗಳಾಗುವುವು. ಸೈನ್ಯಗಳೂ ಆಯುಧಗಳೂ ಆರು ಶತಮಾನಗಳ ಕಾಲ ಅವನ್ನು ದಾಟುತ್ತಲೇ ಇದ್ದುವು. ಇಲ್ಲಿ ಆಯುಧವನ್ನು ಹಿಡಿಯತಕ್ಕವರು ಯಾರು, ಹಿಡಿಯಬಾರದವರು ಯಾರು ಎಂಬ ಪ್ರಶ್ನೆಯನ್ನು ಆಳಿದವರೆಲ್ಲರೂ ಕೇಳಿದರು. ಒಬ್ಬೊಬ್ಬರು ಒಂದೊಂದು ಉತ್ತರವನ್ನು ಕೊಟ್ಟರು. ಆ ಉತ್ತರಗಳನ್ನು ಒಂದೆಡೆಯಲ್ಲಿಟ್ಟು ನೋಡಿದರೆ, ಯಾವ ದೊರೆತನವು ಯಾವ ಪ್ರಜೆಗಳನ್ನು ನಂಬಿತು, ಯಾರನ್ನು ನಂಬಲಿಲ್ಲವೆಂಬುದರ ಚರಿತ್ರೆಯು ತಾನಾಗಿ ದೊರೆಯುವುದು.

ಮೊದಲನೆಯ ಉತ್ತರವು ಮೌರ್ಯರ ಕಾಲಕ್ಕೆ ಹೋಗುವುದು. ೧೯೧೫ರಲ್ಲಿ ಗಣಿಗಾರಿಕೆಯ ಎಂಜಿನಿಯರ್ ಆಗಿದ್ದ ಬೀಡನ್ ಎಂಬವನು ಮಸ್ಕಿಯ ಗುಡ್ಡದಲ್ಲಿ ಕಂಡ ಶಿಲಾಲೇಖವು ಲೋಕಪ್ರಸಿದ್ಧವಾಗಿದೆ. ಅದುವರೆಗೆ ದೇವಾನಾಂಪ್ರಿಯನೆಂಬ ಬಿರುದಿನಿಂದಲೇ ತಿಳಿದಿದ್ದ ಚಕ್ರವರ್ತಿಯ ಸ್ವಂತ ಹೆಸರು ಅಶೋಕನೆಂಬುದು ಆ ಬಂಡೆಯ ಮೇಲೆ ಸ್ಪಷ್ಟವಾಗಿ ದೊರೆಯಿತು. ಧರ್ಮದ ಫಲವು ದೊಡ್ಡವರಿಗೆ ಮಾತ್ರವೇ ದೊರೆಯುವುದೆಂದು ಯಾರೂ ತಿಳಿಯಬಾರದು, ಪ್ರಯತ್ನಿಸುವ ಅಲ್ಪನಿಗೂ ಅದು ಲಭ್ಯವೆಂದು ಆ ಲೇಖವು ಸಾರುವುದು. ಅದು ಆಯುಧಗಳ ವಿಷಯವಾಗಿ ಹೇಳಿದುದಲ್ಲ. ಮೌರ್ಯರ ರಾಜನೀತಿಯೊಡನೆ ಸಂಪ್ರದಾಯವು ಜೋಡಿಸುವ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯಾದರೋ ಆಯುಧದ ವಿಚಾರವು ನೇರವಾಗಿಯೇ ಬಂದಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಆ ಗ್ರಂಥದಲ್ಲಿ, ಭೃತ್ಯರ ವೇತನದ ಪ್ರಕರಣದಲ್ಲಿ, ಆಯುಧಗಳಿಗೂ ಕವಚಗಳಿಗೂ ರಾಜನ ಗುರುತನ್ನು ಒತ್ತಿ ಆಯುಧಾಗಾರದಲ್ಲಿ ಇರಿಸತಕ್ಕದ್ದೆಂದೂ, ಮುದ್ರೆಯ ಮೂಲಕ ಅಪ್ಪಣೆ ಪಡೆದವರ ಹೊರತು ಉಳಿದವರು ಶಸ್ತ್ರವಿಲ್ಲದೆ ಸಂಚರಿಸತಕ್ಕದ್ದೆಂದೂ ವಿಧಿಯಿದೆ. ಇಂದಿನ ಪರವಾನಿಗೆಯ ಪತ್ರವೂ ಅದರ ಮೇಲಿನ ಮೊಹರೂ ಪರದೇಶದಿಂದ ಬಂದ ಹೊಸ ಕಲ್ಪನೆಗಳೆಂದು ಎಣಿಸುವವರು ಈ ಮಾತನ್ನು ನೆನೆಯುವುದು ಒಳ್ಳೆಯದು.

ಕೋವಿಯಾದರೋ ಬಹಳ ತಡವಾಗಿ ಬಂದ ವಸ್ತು. ಶುಕ್ರನೀತಿಯಲ್ಲಿ ನಾಲಿಕಾಸ್ತ್ರದ ವರ್ಣನೆಯುಂಟೆಂದು ಕೆಲವರು ಹೆಮ್ಮೆಪಡುವರು. ಆ ಭಾಗವೇ ಆ ಗ್ರಂಥದ ಅರ್ವಾಚೀನತೆಗೆ ಸಾಕ್ಷಿಯೆಂದು ವಿದ್ವಾಂಸರು ತೋರಿಸಿದ್ದಾರೆ. ಭಾಷೆಯೂ ಇದನ್ನೇ ಹೇಳುವುದು. ಬಂದೂಕು ಎಂಬುದು ಅರಬ್ಬಿಯಿಂದ ಬಂದಿತು. ತುಪಾಕಿಯು ತುರುಕರ ಮಾತು. ಫಿರಂಗಿಯೆಂಬುದು ಫ್ರಾಂಕರೆಂಬ ಐರೋಪ್ಯರ ಹೆಸರಿನಿಂದ ಹುಟ್ಟಿದುದು. ಕೋವಿಯೆಂಬ ಮಾತೊಂದೇ ನಮ್ಮದು. ಅದಕ್ಕೂ ಮೊದಲಿನ ಅರ್ಥವು ಕೊಳವೆಯೆಂದೇ. ಹೀಗೆ ವಸ್ತುವು ಬಂದ ದಾರಿಗಳನ್ನೆಲ್ಲ ಅದರ ಹೆಸರುಗಳೇ ಉಳಿಸಿಕೊಂಡಿವೆ.

ಆ ದಾರಿಗಳಲ್ಲಿ ಒಂದು ಎಡೆದೊರೆಯ ಮೂಲಕವೇ ಹಾದುಹೋಯಿತು. ಈಗ ಲಿಂಗಸೂಗೂರು ತಾಲ್ಲೂಕಿಗೆ ಸೇರಿರುವ ಮುದುಗಲ್ಲಿನ ಕೋಟೆಯ ನಿಮಿತ್ತವಾಗಿ ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ೧೩೬೬ರ ಸುಮಾರಿನಲ್ಲಿ ಘೋರಯುದ್ಧವು ನಡೆಯಿತು. ಆ ಯುದ್ಧದಲ್ಲಿಯೇ ತೋಪುಗಳು ಗರ್ಜಿಸಿದುವೆಂದು ಫೆರಿಸ್ತನು ಬರೆದಿರುವನು. ಆದರೆ ಅವನು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬರೆದವನಾದುದರಿಂದ ಚರಿತ್ರಕಾರರು ಈ ಮಾತನ್ನು ಒಪ್ಪುವುದಿಲ್ಲ. ಸಂದೇಹಕ್ಕೆ ಎಡೆಯಿಲ್ಲದಂತೆ ಕೋವಿಯು ಕೆಲಸ ಮಾಡಿದುದು ೧೫೨೦ರಲ್ಲಿ. ಆ ವರ್ಷ ಮೇ ತಿಂಗಳಿನಲ್ಲಿ ಕೃಷ್ಣದೇವರಾಯನು ರಾಯಚೂರಿನ ಸಮೀಪದಲ್ಲಿ ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ, ಬಳಿಕ ಕೋಟೆಯ ಮುತ್ತಿಗೆಯನ್ನು ಮುಂದುವರಿಸಿದನು. ಪೋರ್ತುಗೀಜ ವರ್ತಕನಾದ ನೂನಿಜನ ವೃತ್ತಾಂತದಲ್ಲಿ ಇದರ ವರ್ಣನೆಯಿದೆ. ಕ್ರಿಸ್ತೋವಾ ದ ಫಿಗೇರೆದೊ ಎಂಬವನು ಸುಮಾರು ಇಪ್ಪತ್ತು ಮಂದಿ ಕೋವಿಕಾರರೊಡನೆ ಶಿಬಿರಕ್ಕೆ ಬಂದಿದ್ದನು. ರಾಯನ ಆಳುಗಳು ಹಾರೆ ಗುದ್ದಲಿಗಳಿಂದ ಕೋಟೆಯ ಕಲ್ಲುಗಳನ್ನು ಕೀಳುತ್ತಿರಲು, ಈ ಕೋವಿಕಾರರು ಗೋಡೆಯ ಮೇಲೆ ತಲೆಯೆತ್ತಿದವರನ್ನು ಹೊಡೆಯುತ್ತಿದ್ದರು. ಬಗ್ಗಿ ನೋಡಿದ ಕೋಟೆಯ ಅಧಿಕಾರಿಯೂ ಒಂದು ಗುಂಡಿಗೆ ಬಲಿಯಾದನು. ಮರುದಿನ ಕೋಟೆಯು ಶರಣಾಯಿತು. ಲಕ್ಷಗಟ್ಟಲೆಯ ಕಾಲಾಳುಗಳ ನಡುವೆ ಇಪ್ಪತ್ತು ಕೋವಿಗಳು ಇಷ್ಟು ಕೆಲಸವನ್ನು ಮಾಡಿದುವು. ಆದರೂ ಅಂದು ಆ ವಿದ್ಯೆಯು ಹೊರಗಿನವರದು. ಕೂಲಿಗೆ ಬಂದವರ ಕೈಯಲ್ಲಿ ಇದ್ದುದು.

ಮುಂದಿನ ಎರಡು ಶತಮಾನಗಳಲ್ಲಿ ಅದು ಊರವರ ಕೈಗೆ ಬಂದಿತು. ಈ ನಾಡಿನ ಬೇಡರು ಹುಟ್ಟಿನಿಂದಲೇ ಬೇಟೆಗಾರರು. ಬಿಲ್ಲನ್ನು ಹಿಡಿದಿದ್ದ ಕೈಗೆ ಉರಿಬತ್ತಿಯ ಕೋವಿಯು ಬೇಗನೆ ಒಗ್ಗಿತು. ಅವರ ಗುರಿಯ ಕೀರ್ತಿಯು ದಿಲ್ಲಿಯವರೆಗೂ ಹಬ್ಬಿತು. ೧೭೦೫ರಲ್ಲಿ ಎಂಬತ್ತಾರು ವರ್ಷದ ಔರಂಗಜೇಬನು ತನ್ನ ಜೀವಮಾನದ ಕಡೆಯ ಮುತ್ತಿಗೆಯನ್ನು ಹಾಕಿದುದು ಸುರಪುರದ ಬಳಿಯ ವಾಗಣಗೇರೆಯ ಮೇಲೆ. ಅಲ್ಲಿನ ಬೇಡರ ದೊರೆ ಪಿಡ್ಡನಾಯಕನ ಕೋವಿಕಾರರು ಸಾಮ್ರಾಜ್ಯದ ಮಹಾಸೇನೆಯನ್ನು ತಿಂಗಳುಗಟ್ಟಲೆ ತಡೆದರು. ಕೊನೆಗೆ ಕೋಟೆಯು ಬಿದ್ದರೂ ನಾಯಕನು ಇರುಳಿನಲ್ಲಿ ನುಸುಳಿಹೋಗಿ ಮತ್ತೆ ರಾಜ್ಯವನ್ನು ಕಟ್ಟಿದನು. ಸಾಮಾನ್ಯವಾದ ಹಳ್ಳಿಗಳಲ್ಲಿಯೂ ಬೇಡನು ತಳವಾರನಾಗಿ ಊರನ್ನೂ ಬೆಳೆಯನ್ನೂ ಕಾಯುತ್ತಿದ್ದನು. ಅದಕ್ಕಾಗಿ ಅವನಿಗೆ ಮಾನ್ಯದ ಹೊಲವಿರುತ್ತಿತ್ತು. ಆಯುಧವು ಅವನಿಗೆ ಜೀವನೋಪಾಯ, ಊರಿನಲ್ಲಿ ಅವನ ಸ್ಥಾನಕ್ಕೆ ಆಧಾರ, ಮಹಾನವಮಿಯಲ್ಲಿ ಪೂಜೆಗೊಳ್ಳುವ ಮನೆದೇವರು. ಅದನ್ನು ಕಸಿಯುವುದೆಂದರೆ ಈ ಮೂರನ್ನೂ ಒಮ್ಮೆಗೇ ಕಸಿದಂತೆ. ಮುಂದೆ ನಡೆದುದರ ಕಾರಣವನ್ನು ಇಲ್ಲಿಯೇ ಹುಡುಕಬೇಕು.

೧೮೫೩ರ ಒಪ್ಪಂದದಿಂದ ರಾಯಚೂರು ದೋಆಬ್ ಪ್ರಾಂತವು ನಿಜಾಮನ ಕೈಯಿಂದ ಇಂಗ್ಲಿಷರ ಆಡಳಿತಕ್ಕೆ ಬಂದಿತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಸಾಲವೂ ವೆಚ್ಚವೂ ಅದರ ಕಾರಣವು. ಆ ಸೈನ್ಯದ ಛಾವಣಿಗಳಲ್ಲಿ ಲಿಂಗಸೂಗೂರೂ ಒಂದು. ನಾಲ್ಕು ವರ್ಷಗಳು ಕಳೆಯುವಷ್ಟರಲ್ಲಿ ಉತ್ತರಹಿಂದುಸ್ಥಾನದಲ್ಲಿ ಸಿಪಾಯಿಗಳು ದಂಗೆಯೆದ್ದರು. ದಿಲ್ಲಿಯಲ್ಲಿ ಇನ್ನೂ ಯುದ್ಧವು ನಡೆಯುತ್ತಿರುವಾಗಲೇ, ೧೮೫೭ರ ಸೆಪ್ಟೆಂಬರ್ ೧೧ರಂದು, ಕಲ್ಕತ್ತೆಯಲ್ಲಿ ಆ ವರ್ಷದ ೨೮ನೆಯ ಕಾಯಿದೆಯು ಹುಟ್ಟಿತು. ಆಯುಧಗಳನ್ನೂ ಮದ್ದುಗುಂಡುಗಳನ್ನೂ ತರಿಸುವುದು, ಮಾಡುವುದು, ಮಾರುವುದು, ಇಟ್ಟುಕೊಳ್ಳುವುದು ಇವೆಲ್ಲವೂ ಸರಕಾರದ ಹತೋಟಿಗೆ ಒಳಪಟ್ಟುವು. ಜನರು ಹತಾರಗಳನ್ನು ತಂದೊಪ್ಪಿಸಬೇಕೆಂಬ ಆಜ್ಞೆಯು ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿಯೂ ಅಲ್ಲಿನ ಸಂಸ್ಥಾನಗಳಲ್ಲಿಯೂ ಸಾರಲ್ಪಟ್ಟಿತು.

ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಒಪ್ಪಿಸೆವೆಂದರು. ಜಡಗ್ಯ, ಬಾಲ್ಯ, ಹನುಮ್ಯ, ರಾಮ್ಯ ಎಂಬವರು ಅವರ ಮುಂದಾಳುಗಳು. ನವೆಂಬರ್ ತಿಂಗಳ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಮುತ್ತಿ, ಮನೆಗಳಿಗೆ ಬೆಂಕಿಯಿಟ್ಟಿತು. ಅನೇಕರು ಬೆಂಕಿಯಲ್ಲಿಯೂ ಗುಂಡಿನಲ್ಲಿಯೂ ಸತ್ತರು. ಸುಮಾರು ೨೯೦ ಮಂದಿ ಸೆರೆಸಿಕ್ಕಿದರು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಹಲಗಲಿಯಲ್ಲಿಯೇ. ಈ ಜನರು ದಿಲ್ಲಿಯ ಬಾದಶಹನಿಗಾಗಿಯಾಗಲಿ ಯಾವುದೊಂದು ಸಿಂಹಾಸನಕ್ಕಾಗಿಯಾಗಲಿ ಹೋರಾಡಿದವರಲ್ಲ. ತಮ್ಮ ಮನೆಯ ಗೋಡೆಗೆ ತಗುಲಿಸಿದ್ದ ಹತಾರವನ್ನು ಕೊಡುವುದಿಲ್ಲವೆಂದು ಸತ್ತವರು. ಊರೂರು ತಿರುಗುವ ಗಾಯಕರು ಈ ಕಥೆಯನ್ನು ಲಾವಣಿ ಕಟ್ಟಿ ಹಾಡಿದರು. ಶಾಸನತಜ್ಞನಾದ ಜೆ. ಎಫ್. ಫ್ಲೀಟನು ಅದನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದನು. ಆಳುವವರ ಪಕ್ಷದ ಅಧಿಕಾರಿಯೊಬ್ಬನ ಶ್ರದ್ಧೆಯಿಂದ ಬಂಡಾಯಗಾರರ ಪಕ್ಷದ ಹಾಡು ಉಳಿದುಬಂದುದು ಚರಿತ್ರೆಯ ವಿನೋದಗಳಲ್ಲೊಂದು.

ಹಲಗಲಿಯ ಹೊಗೆಯು ಆರುವ ಮೊದಲೇ ಕೃಷ್ಣೆಯ ಆಚೆಯ ಸುರಪುರದಲ್ಲಿ ಉರಿಯೆದ್ದಿತು. ಅಲ್ಲಿನ ರಾಜಾ ವೆಂಕಟಪ್ಪನಾಯಕನು ಬಾಲ್ಯದಲ್ಲಿ ಮೆಡೋಸ್ ಟೇಲರನ ರಕ್ಷಣೆಯಲ್ಲಿ ಬೆಳೆದವನು. ಆ ಅಧಿಕಾರಿಯನ್ನು ಅಪ್ಪಾ ಎಂದೇ ಕರೆಯುತ್ತಿದ್ದನು. ೧೮೫೮ರ ಫೆಬ್ರವರಿಯಲ್ಲಿ ಲಿಂಗಸೂಗೂರಿನ ಛಾವಣಿಯಿಂದ ಹೊರಟ ಕ್ಯಾಪ್ಟನ್ ವಿಂಡಮನ ದಂಡು ಸುರಪುರದ ಬಳಿ ಬೀಡುಬಿಟ್ಟಿತು. ರಾತ್ರಿಯಲ್ಲಿ ಬೇಡರು ಅದರ ಮೇಲೆ ಬಿದ್ದರು; ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಮಡಿದನು. ಬೇರೆ ದಂಡುಗಳು ಬರುತ್ತಿರುವುವೆಂದು ತಿಳಿದ ಯುವರಾಜನು ಹೈದರಾಬಾದಿಗೆ ಓಡಿಹೋಗಿ ಅಲ್ಲಿ ಸೆರೆಸಿಕ್ಕಿದನು. ಮರಣದಂಡನೆಯು ಮೊದಲು ಆಜೀವ ದ್ವೀಪಾಂತರಕ್ಕೂ, ಆಮೇಲೆ ನಾಲ್ಕು ವರ್ಷಗಳ ಬಂಧನಕ್ಕೂ ಇಳಿಯಿತು. ಬಂಧನಕ್ಕೆಂದು ಮದ್ರಾಸಿನ ಕಡೆಗೆ ಒಯ್ಯುತ್ತಿರುವಾಗ, ಕಾವಲಿನ ಅಧಿಕಾರಿಯ ರಿವಾಲ್ವರಿನಿಂದಲೇ ಗುಂಡು ಹೊಡೆದುಕೊಂಡು ಅವನು ಪ್ರಾಣಬಿಟ್ಟನು. ಬೇಡರ ಅರಸನಿಗೆ ಕಡೆಯ ಗಳಿಗೆಯಲ್ಲಿ ಕೈಗೆ ದೊರೆತ ಆಯುಧವು ಸರಕಾರದ್ದು.

ಅದೇ ಮೇ ತಿಂಗಳಿನಲ್ಲಿ ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದುವು. ಅದರಿಂದ ಕೆರಳಿದ ಮುಂಡರಗಿಯ ಭೀಮರಾಯನು ಬಹಿರಂಗವಾಗಿ ದಂಗೆಯೆದ್ದು, ಎಡೆದೊರೆಯ ಕೊಪ್ಪಳದ ಕೋಟೆಯನ್ನು ಹಿಡಿದು, ಜೂನ್ ೧ರಂದು ಅಲ್ಲಿಯೇ ಮಡಿದನು. ತೋಪುಗಳನ್ನು ಒಪ್ಪಿಸೆಂಬ ಆಜ್ಞೆಯು ನರಗುಂದದ ಬಾಬಾಸಾಹೇಬನ ಮನಸ್ಸನ್ನೂ ಕೆಡಿಸಿದ್ದಿತು. ಏಳು ತಿಂಗಳ ಅವಧಿಯಲ್ಲಿ ಈ ನಾಲ್ಕು ಸ್ಥಳಗಳು ಹೊತ್ತಿದುವು. ದತ್ತಕದ ನಿರಾಕರಣೆ, ಇನಾಮುಗಳ ವಿಚಾರಣೆ ಮೊದಲಾದ ಕಾರಣಗಳು ಒಂದೊಂದು ಕಡೆ ಒಂದೊಂದಾಗಿದ್ದರೂ ಹಲಗಲಿ, ಹಮ್ಮಿಗಿ, ನರಗುಂದಗಳಲ್ಲಿ ಹತಾರದ ಪ್ರಶ್ನೆಯೇ ಕಿಡಿಯಾಯಿತೆಂಬುದನ್ನು ಮರೆಯಲಾಗದು.

ಇದೇ ಕಾಯಿದೆಗೆ ಇನ್ನೊಂದು ಮುಖವೂ ಇದ್ದಿತು. ಅದನ್ನು ಕಾಣಬೇಕಾದರೆ ಕನ್ನಡನಾಡಿನ ದಕ್ಷಿಣದ ತುದಿಗೆ, ಕೊಡಗಿಗೆ, ಹೋಗಬೇಕು. ೧೮೩೪ರಲ್ಲಿ ಇಂಗ್ಲಿಷರ ವಶವಾದ ಆ ನಾಡಿನಲ್ಲಿ ೧೮೩೭ರ ದಂಗೆಯನ್ನು ಅಡಗಿಸಲು ಕೆಲವು ಕೊಡವ ಪ್ರಮುಖರು ಸರಕಾರಕ್ಕೆ ನೆರವಾಗಿದ್ದರು. ೧೮೬೧ರ ಫೆಬ್ರವರಿಯಲ್ಲಿ ಕಮಿಷನರಾಗಿದ್ದ ಮಾರ್ಕ್ ಕಬ್ಬನನು ಅವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ, ಕೊಡವರನ್ನು ಈ ನಿಶ್ಶಸ್ತ್ರೀಕರಣದ ಕಾನೂನಿನಿಂದ ಮುಕ್ತರನ್ನಾಗಿ ಮಾಡಿದನು. ಕೊಡವರ ಮನೆಗಳಲ್ಲಿಯೂ ಕೋವಿಯು ಪೂಜಾರ್ಹವಾದುದು. ಕೈಲ್ ಪೊಳ್ದ್ ಹಬ್ಬದಲ್ಲಿ ಅದನ್ನು ಹೂವಿನಿಂದ ಅಲಂಕರಿಸುವರು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡನ್ನೂ, ಸಾವು ಸಂಭವಿಸಿದರೆ ಎರಡು ಗುಂಡುಗಳನ್ನೂ ಹಾರಿಸಿ ನೆರೆಯವರಿಗೆ ತಿಳಿಸುವರು. ಹೀಗಿರಲು ಹಲಗಲಿಯ ಬೇಡನಿಗೂ ಕೊಡಗಿನ ಕೊಡವನಿಗೂ ಆಯುಧಪ್ರೀತಿಯಲ್ಲಿ ಏನು ವ್ಯತ್ಯಾಸವಿದ್ದಿತು? ಇಬ್ಬರೂ ಬೇಟೆಗಾರರು, ಇಬ್ಬರೂ ಶೂರರು, ಇಬ್ಬರೂ ಶಸ್ತ್ರವನ್ನು ಪೂಜಿಸುವವರು. ಒಬ್ಬನಿಗೆ ನೇಣು, ಇನ್ನೊಬ್ಬನಿಗೆ ಪ್ರಶಂಸಾಪತ್ರ. ವ್ಯತ್ಯಾಸವು ಸರಕಾರದ ನಂಬಿಕೆಯಲ್ಲಿದ್ದಿತು. ಇದರಲ್ಲಿ ಕೊಡವರ ತಪ್ಪು ಲೇಶವೂ ಇಲ್ಲ. ಒಬ್ಬೊಬ್ಬ ಮನುಷ್ಯನ ನಡತೆಯನ್ನು ನೋಡುವುದರ ಬದಲಾಗಿ ಜಾತಿಯನ್ನೇ ಒಟ್ಟಾಗಿ ತೂಗಿದ ಕಾನೂನಿನ ರೀತಿಯೇ ವಿಚಾರಾರ್ಹವಾದುದು.

ಆ ತೂಕವು ೧೮೭೮ರಲ್ಲಿ ಇನ್ನಷ್ಟು ಬಹಿರಂಗವಾಯಿತು. ಲಿಟ್ಟನ್ ಪ್ರಭುವಿನ ಕಾಲದ ಆಯುಧ ಕಾಯಿದೆಯು ಭಾರತೀಯನಿಗೆ ಪರವಾನಿಗೆಯನ್ನು ಕಡ್ಡಾಯ ಮಾಡಿತು. ಐರೋಪ್ಯನಿಗೂ ಆಂಗ್ಲೋ ಇಂಡಿಯನ್ನನಿಗೂ ವಿನಾಯಿತಿಯನ್ನು ಕೊಟ್ಟಿತು. ದೇಶಭಾಷೆಯ ಪತ್ರಿಕೆಗಳ ಬಾಯಿಕಟ್ಟಿದ ಕಾಯಿದೆಯೂ ಅದೇ ವರ್ಷದ್ದು. ಪತ್ರಿಕೆಗಳ ಕಾಯಿದೆಯನ್ನು ರಿಪ್ಪನ್ ಪ್ರಭುವಿನ ಸರಕಾರವು ೧೮೮೨ರಲ್ಲಿ ತೆಗೆದುಹಾಕಿತು, ಆಯುಧದ್ದು ಉಳಿಯಿತು. ೧೮೮೭ರಲ್ಲಿ ಮದ್ರಾಸಿನಲ್ಲಿ ಕೂಡಿದ ಕಾಂಗ್ರೆಸ್ಸಿನ ಮೂರನೆಯ ಅಧಿವೇಶನವು ಈ ಕಾಯಿದೆಯನ್ನು ತಿದ್ದಬೇಕೆಂದು ನಿರ್ಣಯ ಮಾಡಿತು. ಅಹಿಂಸಾವ್ರತಿಗಳಾದ ಗಾಂಧಿಯವರೂ ೧೯೧೮ರಲ್ಲಿ ಖೇಡಾ ಜಿಲ್ಲೆಯಲ್ಲಿ ಹಂಚಿದ ಪತ್ರಿಕೆಯಲ್ಲಿ, ಇಡಿಯ ಜನಾಂಗದ ಆಯುಧವನ್ನು ಕಸಿದುದನ್ನು ಬ್ರಿಟಿಷರ ಅತ್ಯಂತ ಕರಾಳವಾದ ಕೃತ್ಯಗಳ ಸಾಲಿಗೆ ಸೇರಿಸಿದರು. ಬಣ್ಣವನ್ನು ನೋಡಿ ಕೊಡುತ್ತಿದ್ದ ವಿನಾಯಿತಿಯು ೧೯೨೦ರ ನಿಯಮಗಳಲ್ಲಿ ನಿಂತಿತು. ೧೯೩೧ರ ಕರಾಚಿ ಕಾಂಗ್ರೆಸ್ಸು ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಎಣಿಸುವಾಗ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಎಣಿಸಿತು. ನಿರಾಯುಧರಾಗಿರುವುದು ಅಪಾಯವೆಂಬುದಕ್ಕಿಂತ ಅವಮಾನವೆಂಬ ಭಾವನೆಯೇ ಈ ನಿರ್ಣಯಗಳ ಮೂಲ.

ಎಡೆದೊರೆಯಾದರೋ ೧೮೬೦ರಲ್ಲಿ ನಿಜಾಮನಿಗೆ ಹಿಂದಿರುಗಿದ್ದಿತು. ಸುರಪುರವೂ ಅವನ ಪಾಲಿಗೆ ಬಂದಿತು. ಲಿಂಗಸೂಗೂರು ೧೯೦೫ರವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದು, ಬಳಿಕ ರಾಯಚೂರು ಜಿಲ್ಲೆಯೊಳಗೆ ಅಡಗಿತು. ಈ ಸೀಮೆಯಲ್ಲಿ ಆಯುಧದ ಅಪ್ಪಣೆಯು ಹೈದರಾಬಾದಿನ ದರಬಾರಿನದು. ಆ ರಾಜ್ಯದಲ್ಲಿ ಹಿಂದೆ ಅರಬರೂ ರೋಹಿಲರೂ ಶಸ್ತ್ರಪಾಣಿಗಳಾಗಿ ಸಾಹುಕಾರರ ಸಾಲವಸೂಲಿಗೆ ನಿಲ್ಲುತ್ತಿದ್ದರು. ದಿವಾನರಾದ ಮೊದಲನೆಯ ಸಾಲಾರಜಂಗರು ೧೮೫೩ರಿಂದ ಮೂವತ್ತು ವರ್ಷಗಳ ಕಾಲ ಶ್ರಮಪಟ್ಟು ಅವರನ್ನು ಹದಕ್ಕೆ ತಂದರು. ಬಡರೈತನ ಬಾಗಿಲಿನಲ್ಲಿ ಜಂಬಿಯೆ ಹಿಡಿದ ಜವಾನನು ಕುಳಿತಿರುವಾಗ ಆಯುಧದ ಸ್ವಾತಂತ್ರ್ಯವು ಯಾರಿಗೆ ಸುಖವನ್ನು ತಂದಿತೆಂಬುದನ್ನು ಹೇಳಬೇಕಾದುದಿಲ್ಲ. ಹತಾರವನ್ನು ಕಸಿದ ಹಲಗಲಿಯ ಕಥೆಯನ್ನು ಓದಿದವರು, ಹತಾರಕ್ಕೆ ಕಡಿವಾಣವಿಲ್ಲದ ಈ ಕಥೆಯನ್ನೂ ಜೊತೆಯಲ್ಲಿ ಓದಬೇಕು.

ಆ ಕಡಿವಾಣವು ೧೯೪೭-೪೮ರಲ್ಲಿ ಪೂರ್ತಿಯಾಗಿ ಹರಿಯಿತು. ಕಾಸಿಂ ರಜವಿಯ ರಜಾಕಾರರು ಸರಕಾರದ ಕಣ್ಮುಂದೆಯೇ ಬಂದೂಕುಗಳನ್ನು ಹಿಡಿದು ಹಳ್ಳಿಗಳ ಮೇಲೆ ಬಿದ್ದರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ರಾತ್ರಿಯಲ್ಲಿ ವಿಮಾನಗಳನ್ನು ಹಾರಿಸಿ ಬೀದರ ಮೊದಲಾದ ಕಡೆ ಹೈದರಾಬಾದಿಗೆ ಆಯುಧಗಳನ್ನು ಇಳಿಸಿದನು. ಇತ್ತ ಗಡಿಯ ಹೊರಗೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಶಿಬಿರಗಳನ್ನು ಕಟ್ಟಿದರು. ಅಲ್ಲಿನ ತರುಣರೂ ಶಸ್ತ್ರಗಳನ್ನು ಹಿಡಿದು ಗಡಿಯನ್ನು ದಾಟಿದರು. ನೂರು ವರ್ಷಗಳ ಹಿಂದೆ ಭೀಮರಾಯನು ನಡೆದ ದಾರಿಯಲ್ಲಿಯೇ ಮತ್ತೆ ಕೋವಿಗಳು ನಡೆದುವು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಒಳಹೊಕ್ಕಿತು. ೧೭ರಂದು ನಿಜಾಮನ ಸರಕಾರವು ಶರಣಾಯಿತು.

ವಿಮೋಚನೆಯ ಸಂತೋಷದಲ್ಲಿ ಬಹುಕಾಲ ಯಾರೂ ಹೇಳದೆ ಬಿಟ್ಟ ಮಾತೊಂದು ಇಲ್ಲಿ ಬರಬೇಕಾಗಿದೆ. ಆ ಬಳಿಕ ವಿಚಾರಣೆಗೆಂದು ಕೇಂದ್ರಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯ ವರದಿಯು ಆರು ದಶಕಗಳಿಗೂ ಹೆಚ್ಚು ಕಾಲ ಮುಚ್ಚಿದ್ದು, ೨೦೧೩ರಲ್ಲಿ ಓದುಗರಿಗೆ ದೊರೆಯಿತು. ಕಾರ್ಯಾಚರಣೆಯ ಹಿಂದುಗಡೆ ನಡೆದ ಪ್ರತೀಕಾರದಲ್ಲಿ ರಾಜ್ಯಾದ್ಯಂತ ೨೭,೦೦೦ದಿಂದ ೪೦,೦೦೦ದವರೆಗೆ ಜನರು ಸತ್ತಿರಬಹುದೆಂದು ಅದರ ಅಂದಾಜು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗೆಯೂ ಬೀದರವೂ ಸೇರಿವೆ. ಮುಸಲ್ಮಾನ ಗ್ರಾಮಸ್ಥರ ಆಯುಧಗಳನ್ನು ತೆಗೆದುಕೊಂಡು, ಅನೇಕ ಕಡೆಗಳಲ್ಲಿ ಹಿಂದುಗಳ ಆಯುಧಗಳನ್ನು ಅವರಲ್ಲಿಯೇ ಬಿಟ್ಟುದು ಈ ಅನರ್ಥಕ್ಕೆ ದಾರಿಮಾಡಿತೆಂದು ಆ ವರದಿಯಿಂದ ತಿಳಿಯುವುದು. ಸೈನ್ಯವು ಎಷ್ಟೋ ಸ್ಥಳಗಳಲ್ಲಿ ನ್ಯಾಯವಾಗಿ ನಡೆದುಕೊಂಡು ಜನರನ್ನು ಉಳಿಸಿತೆಂಬುದನ್ನೂ ಅದೇ ವರದಿಯು ಹೇಳಿದೆ. ರಜಾಕಾರರು ಮಾಡಿದ ಹಿಂಸೆಯನ್ನು ಕಂಡವರಿಗೆ ಇದು ಕಹಿಯಾದ ಮಾತು. ಆದರೆ ಹಲಗಲಿಯಲ್ಲಿ ಒಂದು ಜಾತಿಯನ್ನು ಮಾತ್ರ ನಿರಾಯುಧರನ್ನಾಗಿ ಮಾಡಹೊರಟುದು ಅನ್ಯಾಯವಾದರೆ, ಬೀದರದಲ್ಲಿ ಒಂದು ಮತದವರನ್ನು ಮಾತ್ರ ನಿರಾಯುಧರನ್ನಾಗಿ ಮಾಡಿದುದೂ ಅನ್ಯಾಯವೇ ಆಗಬೇಕು. ಚರಿತ್ರೆಯನ್ನು ಬರೆಯುವವರು ಎರಡು ತಕ್ಕಡಿಗಳನ್ನು ಇಟ್ಟುಕೊಳ್ಳಲಾಗದು.

ಹೈದರಾಬಾದಿನಲ್ಲಿ ಈ ಘಟನೆಗಳು ನಡೆದ ಕೆಲವೇ ವಾರಗಳ ಮೇಲೆ, ೧೯೪೮ರ ಡಿಸೆಂಬರಿನಲ್ಲಿ, ದಿಲ್ಲಿಯ ಸಂವಿಧಾನಸಭೆಯಲ್ಲಿ ಇದೇ ಪ್ರಶ್ನೆಯು ಚರ್ಚೆಗೆ ಬಂದಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಕರಾಚಿಯ ನಿರ್ಣಯವನ್ನು ನೆನಪಿಗೆ ತಂದು, ಆಯುಧ ಧರಿಸುವ ಹಕ್ಕನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ಸ್ವತಂತ್ರ ರಾಷ್ಟ್ರದಲ್ಲಿ ಅಂತಹ ಹಕ್ಕನ್ನು ಎಲ್ಲರಿಗೂ ನಿರ್ಬಾಧವಾಗಿ ಕೊಡಲಾಗದೆಂದೂ, ಆಯುಧಗಳ ಮೇಲೆ ರಾಜ್ಯದ ಹತೋಟಿಯು ಅವಶ್ಯವೆಂದೂ ಡಾಕ್ಟರ್ ಅಂಬೇಡಕರರು ಉತ್ತರ ಕೊಟ್ಟರು, ತಿದ್ದುಪಡಿಯು ಬಿದ್ದಿತು. ಸಂವಿಧಾನದ ೧೯ನೆಯ ಅನುಚ್ಛೇದವು ಶಾಂತಿಯಿಂದಲೂ ಶಸ್ತ್ರವಿಲ್ಲದೆಯೂ ಸಭೆ ಸೇರುವ ಹಕ್ಕನ್ನು ಕೊಟ್ಟಿತು. ಸಿಖ್ಖರ ಕೃಪಾಣಕ್ಕೆ ಮಾತ್ರ ಧರ್ಮಾಚರಣೆಯ ಅಂಗವಾಗಿ ೨೫ನೆಯ ಅನುಚ್ಛೇದದ ವಿವರಣೆಯಲ್ಲಿ ಸ್ಥಾನ ದೊರೆಯಿತು. ಪರಾಧೀನ ಜನರಿಗೆ ಅವಮಾನವೆಂದು ತೋರಿದ ಹತೋಟಿಯು ಸ್ವಾಧೀನ ಜನರಿಗೆ ತಾವೇ ಹಾಕಿಕೊಂಡ ನಿಯಮವಾಯಿತು.

ಇದರ ಫಲವಾಗಿ ೧೮೭೮ರ ಕಾಯಿದೆಯನ್ನು ರದ್ದುಪಡಿಸಿ ೧೯೫೯ರ ಆಯುಧ ಅಧಿನಿಯಮವು ಬಂದಿತು. ೧೯೬೨ರ ಅಕ್ಟೋಬರ್ ೧ರಿಂದ ಅದು ಜಾರಿಯಲ್ಲಿದೆ. ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿದ್ದ ಎಡೆದೊರೆಗೂ ಅದೇ ಕಾನೂನು ಅನ್ವಯಿಸಿತು. ಅರ್ಜಿಯನ್ನು ಜಿಲ್ಲಾ ದಂಡಾಧಿಕಾರಿಗಳಿಗೆ ಕೊಡಬೇಕು. ಠಾಣೆಯಿಂದ ಅರ್ಜಿದಾರನ ನಡತೆಯ ವಿಷಯವಾಗಿ ವರದಿಯು ಬರಬೇಕು. ಇಪ್ಪತ್ತೊಂದು ವರ್ಷ ತುಂಬಿರಬೇಕು. ಅರ್ಜಿಯನ್ನು ತಿರಸ್ಕರಿಸಿದರೆ ಅದರ ಕಾರಣವನ್ನು ಬರೆದಿಡಬೇಕು. ಅದರ ಮೇಲೆ ಮೇಲ್ಮನವಿಗೆ ಅವಕಾಶವುಂಟು. ಬೆಳೆಯ ರಕ್ಷಣೆಗೆಂದು ನಿಜವಾಗಿ ಕೇಳುವ ರೈತನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಕೊಡುವ ಏರ್ಪಾಟೂ ಇದರಲ್ಲಿದೆ. ಎಲ್ಲಕ್ಕಿಂತ ಗಮನಾರ್ಹವಾದುದು ಹದಿನಾಲ್ಕನೆಯ ಪ್ರಕರಣದ ಒಂದು ವಾಕ್ಯ: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕಾಗಿ ಪರವಾನಿಗೆಯನ್ನು ನಿರಾಕರಿಸಕೂಡದು. ತಳವಾರನ ಮೊಮ್ಮಗನೂ ದೇಸಾಯಿಯ ಮೊಮ್ಮಗನೂ ಒಂದೇ ಅರ್ಜಿಯನ್ನು ಬರೆಯಬೇಕೆಂಬುದನ್ನು ಈ ವಾಕ್ಯವು ಕಾನೂನಿನ ಭಾಷೆಯಲ್ಲಿ ಹೇಳಿದೆ.

ಕಾಲಕ್ರಮದಲ್ಲಿ ನಿಯಮಗಳು ಬಿಗಿಯಾಗಿವೆ. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನು ಬೇಟೆಯನ್ನು ನಿಲ್ಲಿಸಿದುದರಿಂದ, ಪರವಾನಿಗೆಯುಳ್ಳ ಕೋವಿಯೂ ಬೇಟೆಯ ಕೋವಿಯಾಗಿ ಉಳಿಯಲಿಲ್ಲ. ೨೦೧೯ರ ತಿದ್ದುಪಡಿಯ ಪ್ರಕಾರ ಒಬ್ಬನು ಮೂರರ ಬದಲಾಗಿ ಎರಡು ಕೋವಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಪರವಾನಿಗೆಯ ಅವಧಿಯು ಮೂರು ವರ್ಷಗಳಿಂದ ಐದಕ್ಕೆ ಏರಿದೆ. ಮದುವೆ ಮೆರವಣಿಗೆಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಚುನಾವಣೆಗಳು ಬಂದಾಗ ಪರವಾನಿಗೆದಾರರು ಅಧಿಕಾರಿಗಳ ಆಜ್ಞೆಯಂತೆ ಆಯುಧಗಳನ್ನು ಠಾಣೆಯಲ್ಲಿ ಒಪ್ಪಿಸುವ ಪದ್ಧತಿಯೂ ನಡೆದುಬಂದಿದೆ.

ಕೊಡಗಿನ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. ೧೯೬೩ರ ಪ್ರಕಟಣೆಯು ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಕೊಟ್ಟಿತು. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರಸರಕಾರವು ಅದನ್ನು ನಿಬಂಧನೆಗಳೊಡನೆ ೨೦೨೯ರವರೆಗೆ ವಿಸ್ತರಿಸಿತು. ಜನಾಂಗವನ್ನೂ ಭೂಮಿಯನ್ನೂ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯದಲ್ಲಿ ಅರ್ಜಿಯು ಬಂದಿತು. ಇದು ಬಹುಕಾಲದ ಸಂಪ್ರದಾಯವೆಂದೂ, ವಿನಾಯಿತಿಯು ಮಿತವಾದ ಅವಧಿಗೆ ನಿಬಂಧನೆಗಳಿಗೆ ಒಳಪಟ್ಟುದೆಂದೂ ಎಣಿಸಿ ನ್ಯಾಯಾಲಯವು ೨೦೨೧ರ ಸೆಪ್ಟೆಂಬರಿನಲ್ಲಿ ಆ ಅರ್ಜಿಯನ್ನು ತಳ್ಳಿಹಾಕಿತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಆ ನಂಬಿಕೆಯನ್ನು ಕೆಡಿಸದೆ ನಡೆದುಬಂದುದು ಕೊಡವರಿಗೆ ಶ್ಲಾಘ್ಯವಾದುದು. ನಂಬಿದ ಪ್ರಜೆಯು ನಂಬಿಕೆಗೆ ಯೋಗ್ಯನಾಗುವನೆಂಬ ಪಾಠವೂ ಇದರಲ್ಲಿದೆ. ಆ ಪಾಠವನ್ನು ಕಲಿಯುವ ಅವಕಾಶವನ್ನು ೧೮೫೭ರಲ್ಲಿ ಹಲಗಲಿಗೆ ಯಾರೂ ಕೊಡಲಿಲ್ಲವೆಂಬ ವ್ಯಥೆಯೂ ಇದರಲ್ಲಿದೆ.

ಇಂದು ಸಿಂಧನೂರು, ಲಿಂಗಸೂಗೂರು, ಮಸ್ಕಿ ಮೂರೂ ತಾಲ್ಲೂಕು ಕೇಂದ್ರಗಳಾಗಿವೆ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಸಿಂಧನೂರಿನ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಹತಾರವನ್ನು ಕಳೆದುಕೊಂಡ ಬೇಡ ನಾಯಕರ ಕುಲವು ಈಗ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದೆ. ೨೦೦೮ರ ಚುನಾವಣೆಯಿಂದ ಮಸ್ಕಿಯ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿದೆ. ಕೋವಿಯನ್ನು ಒಪ್ಪಿಸಿ ನಿಂತವರ ಸಂತತಿಯವರು ಮತವನ್ನು ಕೊಡುವರು, ಪಡೆಯುವರು, ಶಾಸನವನ್ನು ಮಾಡುವ ಸಭೆಯಲ್ಲಿ ಕುಳಿತುಕೊಳ್ಳುವರು. ಆಯುಧದ ಕಾನೂನು ಬಿಗಿಯಾಗಿರಬೇಕೇ ಸಡಿಲವಾಗಿರಬೇಕೇ ಎಂಬುದನ್ನು ನಿರ್ಣಯಿಸುವವರಲ್ಲಿ ಈಗ ಅವರೂ ಒಬ್ಬರು. ಹಲಗಲಿಯವರನ್ನು ಯಾರೂ ಕೇಳಿರಲಿಲ್ಲ.

ಆಯುಧದ ಮೇಲೆ ಹತೋಟಿಯು ಬೇಕೆಂಬುದಕ್ಕೆ ಅರಬರ ಜಂಬಿಯೆಯೂ ರಜಾಕಾರರ ಬಂದೂಕೂ ಸಾಕಷ್ಟು ಪ್ರಮಾಣಗಳು. ಆ ಹತೋಟಿಯು ಎಲ್ಲರಿಗೂ ಒಂದೇ ಆಗಿರಬೇಕೆಂಬುದಕ್ಕೆ ಹಲಗಲಿಯ ಹತ್ತೊಂಬತ್ತು ನೇಣುಗಳೂ ಬೀದರದ ಅನಾಥ ಕುಟುಂಬಗಳೂ ಪ್ರಮಾಣಗಳು. ಅಪ್ಪಣೆಯನ್ನು ಕೊಡುವ ಅಧಿಕಾರಿಯು ಅರ್ಜಿದಾರನ ನಡತೆಯನ್ನು ನೋಡಲಿ, ಅವನ ಅವಶ್ಯಕತೆಯನ್ನು ನೋಡಲಿ. ಕುಲವನ್ನೂ ಮತವನ್ನೂ ನೋಡದಿರಲಿ. ದೊಡ್ಡವನಿಗೂ ಅಲ್ಪನಿಗೂ ಒಂದೇ ಮಾರ್ಗವೆಂದು ಮಸ್ಕಿಯ ಬಂಡೆಯು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನಿಂದ ಇದೇ ಎಡೆದೊರೆಯಲ್ಲಿ ಹೇಳುತ್ತಲಿದೆ.